ಚಿಮಣಿಯೊಳಗಿನ ಅಗರಬತ್ತಿ

“ಈ ರಟ್ಟಿನ ಚಿಮಣಿಯೊಳಗೆ ಅಗರಬತ್ತಿ ಎಂತಕ್ಕೆ, ಭವ್ಯಾ?”

“ಮುಟ್ಬೇಡಿ ಪಪ್ಪಾ! ರೇಚಲ್ ಟೀಚರ್ ಹೇಳಿದ್ದು. ಹೊಗೆ ಬಾರದಿದ್ರೆ ಅದು ಕರೆಂಟ್ ಮಾಡುವ ಪ್ಲಾಂಟ್ ಅಂತ ಯಾರಿಗೆ ಗೊತ್ತಾಗ್ತದೆ?”

ಪಪ್ಪನಿಗೆ ತಲೆ ಕೆಟ್ಟಿತು. ಕಲ್ಲಿದ್ದಲು ಉರಿಸಿ ಕರೆಂಟ್ ಮಾಡುವ ಪ್ಲಾಂಟಿನಲ್ಲೇ ಅವರಿಗೆ ಕೆಲಸ. ಅದೂ ಹೊಗೆಯಲ್ಲಿರುವ ಬೂದಿ ಹಿಡಿಯುವ ಕೆಲಸ!

“ಬೂದಿ ಹೊರಗೆ ಹೋಗಬಾರದು ಅಂತ ಹನ್ನೊಂದು ವರ್ಷದಿಂದ ಸಾಯ್ತಾ ಇದ್ದೇನೆ. ಅಲ್ಲಿ ಕರೆಂಟ್ ಕೊಟ್ಟ ದೊಡ್ಡ ದೊಡ್ಡ ತಗಡು ಉಂಟು, ಬೂದಿ ಅದಕ್ಕೆ ಅಂಟ್ತದೆ. ಕೆಳಗೆ ಬೀಳಿಸಿ ಲಾರಿಗೆ ತುಂಬ್ತೇವೆ. ಎಲ್ಲರಿಗೂ ಕಡಿಮೆ ರೇಟಿಗೆ ಕರೆಂಟ್ ಬೇಕು, ಬೂದಿ ಮಾತ್ರ ಬೇಡ. ಹಾಗಾದ್ರೆ ಯಾರಾದ್ರೂ ಹಿಡೀಬೇಕಲ್ಲ? ನನ್ನ ಮಗಳೇ ಹೊಗೆ ಬಿಟ್ರೆ ಹೇಗೆ ಮಾರಾಯ್ತಿ?”

“ಅಯ್ಯೋ, ಅದೆಲ್ಲ ಯಾರು ಕೇಳ್ತಾರೆ? ನಾಳೆ ವಿಜ್ಞಾನ ಮೇಳ. ನಮ್ಮ ಶಾಲೆಯಿಂದ ಒಂದೇ ಮಾಡೆಲ್ ತಾಲೂಕು ಮಟ್ಟಕ್ಕೆ ಹೋಗುವುದು. ನನ್ನದೇ ಹೋಗ್ಬೇಕು!”

ಪಪ್ಪ ಮುಖ ಊದಿಸಿಕೊಂಡು ನೈಟ್ ಶಿಫ್ಟಿಗೆ ಹೊರಟರು.

ಮರುದಿನ ಕುಲಶೇಖರದ ಶಾಲೆಯಲ್ಲಿ ಭವ್ಯಶ್ರೀ ಅಗರಬತ್ತಿ ಹಚ್ಚಿಯೇ ಬಿಟ್ಟಳು. ರೇಚಲ್ ಟೀಚರ್ “ವೆರಿ ಗುಡ್” ಎಂದರು. ಪಕ್ಕದಲ್ಲಿ ಗಾಳಿಯಂತ್ರದ ಮಾಡೆಲ್ ಇಟ್ಟಿದ್ದ ಗೇವಿನ್ ಮಾತ್ರ ಕೆಮ್ಮಿ ಕೆಮ್ಮಿ ಸುಸ್ತಾದ.

“ಹೊಗೆ ಆಚೆ ತಿರುಗಿಸು ಮಾರಾಯ್ತಿ!”

“ಹೊಗೆ ತಿರುಗಿಸ್ಲಿಕ್ಕೆ ಆಗ್ತದಾ? ನಿನ್ನ ಫ್ಯಾನ್ ತಿರುಗಿಸು!” ಎಂದು ಇವಳು ರೇಗಿದಳು.

ಅಷ್ಟರಲ್ಲಿ ಪಪ್ಪ ಬಂದರು. ಶಿಫ್ಟ್ ಮುಗಿಸಿ ಸೀದಾ ಬಂದದ್ದು. ಕಣ್ಣಿನ ರೆಪ್ಪೆಯಲ್ಲಿ ಬೂದಿ, ಕಿವಿಯ ಸುತ್ತ ಬೂದಿ. ಮಾಡೆಲ್ ನೋಡಿದರು. ಹಿಂದೆ ಹೋಗಿ ಗೋಡೆಗೆ ಒರಗಿ ನಿಂತರು. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಭವ್ಯಶ್ರೀಗೆ.

ಜಡ್ಜ್ ಸರ್ ಬಂದರು. “ಚಂದ ಉಂಟು. ಈ ಬೂದಿಯೆಲ್ಲ ಊರ ಮೇಲೆ ಬೀಳ್ತದಾ?”

ಭವ್ಯಶ್ರೀ ಅಗರಬತ್ತಿಯನ್ನು ಎಳೆದು ನೀರಿನ ಬಾಟಲಿಗೆ ಅದ್ದಿದಳು. ಅದು ಚುಂಯ್ ಎಂದಿತು. ಟೀಚರ್ ಹಣೆ ಹಣೆ ಚಚ್ಚಿಕೊಂಡರು.

“ಸ್ವಲ್ಪ ಹೋಗ್ತದೆ ಸರ್. ಹೆಚ್ಚಿನದ್ದನ್ನು ಒಳಗೇ ಹಿಡೀತಾರೆ.”

“ಯಾರು ಹಿಡಿಯುವುದು?”

“ನಮ್ಮ ಪಪ್ಪ,” ಎಂದು ಅವಳು ಹಿಂದಕ್ಕೆ ಬೆರಳು ತೋರಿಸಿದಳು.

ತಾಲೂಕು ಮಟ್ಟಕ್ಕೆ ಗೇವಿನ್‌ನ ಗಾಳಿಯಂತ್ರ ಹೋಯಿತು. ಭವ್ಯಶ್ರೀಗೆ ಅಳುವೂ ಬಂತು, ಸಿಟ್ಟೂ ಬಂತು.

“ಹೊಗೆ ಇದ್ದಿದ್ರೆ ನಿನ್ನದೇ ಹೋಗ್ತಿತ್ತೋ ಎಂತದೋ,” ಎಂದರು ಪಪ್ಪ, ಗೇಟಿನ ಬಳಿ.

“ಸುಮ್ಮನಿರಿ ಪಪ್ಪಾ!” ಎಂದು ಸಿಡುಕಿ, ಅವರ ಕೈಯಿಂದ ಊಟದ ಬ್ಯಾಗನ್ನು ಕಿತ್ತುಕೊಂಡು ತಾನೇ ಹೆಗಲಿಗೆ ಹಾಕಿಕೊಂಡಳು. “ನಿಮಗೆ ನಿದ್ದೆ ಬರ್ತಾ ಉಂಟು. ನಡೀರಿ ಮನೆಗೆ.”