ಹಾಡಿನ ಕೆಳಗೆ ಓಡಿದ ಮಾತು

“ಆ ‘ಶುಬ್ರಾದ ಒಂಟಿ ಹಕ್ಕಿ’ಯ ನಂಬರ್ ಬೇಕಿತ್ತು...”

ಬಾಗಿಲಲ್ಲಿ ನಿಂತವನನ್ನು ಕಂಡು ಇಬ್ತಿಸಾಮಳ ಎದೆ ಧಸಕ್ಕೆಂದಿತು. ವಜ್ದಿ! ಮೇಲಿನ ಮಹಡಿಯಲ್ಲಿ ಕೂತು ಹಾಡಿನ ವೀಡಿಯೊಗಳನ್ನು ಒಂದರ ಹಿಂದೊಂದು ಬಿಡುವವನು. ಒಂದೇ ಚಾನೆಲ್ಲಿನಲ್ಲಿ ಇಷ್ಟು ವರ್ಷ ದುಡಿದರೂ ಲಿಫ್ಟಿನಲ್ಲಿ ತಲೆಯಾಡಿಸಿದ್ದು ಬಿಟ್ಟರೆ ಮಾತಾಡಿಸಿದವನಲ್ಲ.

“ಮೆಸೇಜ್ ಕಳಿಸೋರ ನಂಬರ್ ಯಾರಿಗೂ ಕೊಡೋ ಹಾಗಿಲ್ಲ, ವಜ್ದಿ ಸಾಹೇಬ್ರೇ.”

“ಗೊತ್ತು. ಆದ್ರೂ... ಗುರುವಾರ ಚಾನೆಲ್ ಮುಚ್ತಾರಲ್ಲ. ಆಮೇಲೆ ಆಕೇನ ಈ ಕೈರೋದಲ್ಲಿ ಎಲ್ಲಿ ಅಂತ ಹುಡುಕಲಿ?”

“ಒಂಟಿ ಹೆಣ್ಣು ಅಂದ್ರೆ ಸಾಕು, ನಂಬರ್ ಕೇಳ್ಕೊಂಡು ಬರೋರಿಗೇನು ಕಮ್ಮಿ? ನೀವೂ ಅಂಥೋರು ಅಂದ್ಕೊಂಡಿರ್ಲಿಲ್ಲ!”

ಅವನ ಮುಖ ಸಪ್ಪಗಾಯಿತು. ಬಂದ ದಾರಿಯಲ್ಲೇ ಹೊರಟುಹೋದ.

ಇಬ್ತಿಸಾಮ್ ಎದ್ದು ಬಾಗಿಲು ಹಾಕಿದಳು.

ಆ ಒಂಟಿ ಹಕ್ಕಿ... ಅವಳೇ!

ಒಂದು ಕಾಲವಿತ್ತು. ಮೇಲೆ ಹಾಡು ನಡೆಯುತ್ತಿದ್ದರೆ ಪರದೆಯ ಕೆಳಗಿನ ಪಟ್ಟಿಯಲ್ಲಿ ಇಡೀ ಊರಿನ ಪ್ರೇಮ ಸಾಲುಗಟ್ಟಿ ಓಡುತ್ತಿತ್ತು. ‘ರಾನ್ಯಾ, ಸಿಟ್ಟು ಬಿಡು!’ ‘ಇಮಾದ್, ಅಪ್ಪ ಒಪ್ಪಿದರು!’ ಜನ ಫೋನಿನಿಂದ ಕಳಿಸಿದ ಮೆಸೇಜುಗಳಲ್ಲಿ ಪೋಲಿ ಮಾತು, ಫೋನ್ ನಂಬರು ಅಳಿಸಿ ಉಳಿದದ್ದನ್ನು ಪಟ್ಟಿಗೆ ಬಿಡುವುದು ಇಬ್ತಿಸಾಮಳ ಕೆಲಸ. ತಂದಿಟ್ಟ ಚಹಾ ಆರಿಹೋಗುತ್ತಿತ್ತು, ಕುಡಿಯಲು ಪುರುಸೊತ್ತಿರಲಿಲ್ಲ.

ಆಮೇಲೆ ಹಾಡುಗಳೆಲ್ಲ ಜನರ ಅಂಗೈಗೆ ಇಳಿದವು. ಕಿವಿಗೆ ವೈರು ಸಿಕ್ಕಿಸಿಕೊಂಡು ಅವರವರ ಹಾಡು ಅವರವರಿಗೆ. ಕಾಫಿ ಅಂಗಡಿಯವರೂ ಟೀವಿಯಲ್ಲಿ ಫುಟ್‌ಬಾಲ್ ಹಾಕತೊಡಗಿದರು. ಪಟ್ಟಿ ಬರಿದಾಯಿತು.

ಆಗ ಮ್ಯಾನೇಜರ್ ಫಿಕ್ರಿ ಅವಳನ್ನು ಕರೆದು ಬಾಗಿಲು ಹಾಕಿಕೊಂಡಿದ್ದರು.

“ಮಗಳೇ, ಪಟ್ಟಿ ಖಾಲಿ ಓಡಿದ್ರೆ ಜಾಹೀರಾತಿನವರೂ ಓಡಿಹೋಗ್ತಾರೆ. ನೀನೇ ಏನಾದ್ರೂ ಗೀಚು. ಯಾರ ಹತ್ರಾನೂ ಬಾಯಿ ಬಿಡಬೇಡ!”

ಮೊದಮೊದಲು ಬಾಯಿಗೆ ಬಂದದ್ದು ಬರೆದಳು. ಒಂದು ಮಧ್ಯಾಹ್ನ, ಅದೇಕೋ, ಸುಳ್ಳು ಹುಟ್ಟಲೇ ಇಲ್ಲ. ‘ಅಮ್ಮ ಹೋದ ಮೇಲೂ ಇಬ್ಬರಿಗಾಗುವಷ್ಟು ಅಡುಗೆ ಮಾಡುತ್ತೇನೆ. — ಶುಬ್ರಾದ ಒಂಟಿ ಹಕ್ಕಿ.’

ಮರು ಹಾಡಿಗೇ ಉತ್ತರ ಬಂತು!

‘ಉಳಿದದ್ದನ್ನು ಚೆಲ್ಲಬೇಡ ಹಕ್ಕಿ, ನಾಳೆಗೆ ರುಚಿ ಹೆಚ್ಚು. — ಕಾವಲುಗಾರ.’

ಅಂದಿನಿಂದ ದಿನವೂ. ‘ಬಿಸಿಲು ಜೋರು, ನೀರು ಕುಡಿದೆಯಾ?’ ‘ನಿನ್ನೆ ಯಾಕೆ ಬರೆಯಲಿಲ್ಲ, ಜ್ವರವೇ?’ ಅವಳನ್ನು ಇಂಥದ್ದು ಕೇಳುವವರು ಇನ್ಯಾರಿದ್ದರು? ಯಾವುದೋ ಓಣಿಯ ಯಾವುದೋ ಮನೆಯಲ್ಲಿ ಒಬ್ಬ ಟೀವಿ ಮುಂದೆ ನನ್ನ ಮಾತಿಗೆ ಕಾದಿದ್ದಾನೆ... ಆ ಒಂದು ನಂಬಿಕೆ ಹಿಡಿದುಕೊಂಡು ಅವಳು ಮೈಕ್ರೋಬಸ್ಸಿನಲ್ಲಿ ಶುಬ್ರಾ ಬಡಾವಣೆಯ ಮನೆ ಸೇರುತ್ತಿದ್ದಳು, ದೀಪ ಹಾಕುತ್ತಿದ್ದಳು.

ಕಾವಲುಗಾರನ ನಂಬರ್ ಕಣ್ಣೆದುರೇ ಇತ್ತು. ಎಷ್ಟೋ ಸಲ ಫೋನ್ ಎತ್ತಿಕೊಂಡು ಕೆಳಗಿಟ್ಟಿದ್ದಳು.

‘ಏನಂತ ಹೇಳಲಿ? ಸಂಬಳಕ್ಕೆ ಬರೆದ ಹೆಣ್ಣು ನಾನು ಅಂತಲೇ?’

ಹೇಳದಿದ್ದರೆ ಗುರುವಾರದ ನಂತರ ಅವನು ಇರುವುದೇ ಇಲ್ಲ.

ಗುರುವಾರವೂ ಬಂತು. ಧೈರ್ಯ ಬರಲಿಲ್ಲ. ಫಿಕ್ರಿ ಎಲ್ಲರಿಗೂ ಬಸ್ಬೂಸಾ ಸಿಹಿ ಹಂಚುತ್ತ ಅವಳ ಮೇಜಿನ ಹತ್ತಿರ ಬಂದರು. ಕಣ್ಣು ಕೆಂಪಾಗಿದ್ದವು.

“ನೀನೂ ವಜ್ದೀನೂ ಇಲ್ದಿದ್ರೆ ಈ ಅಂಗಡಿ ಎಂದೋ ಬಾಗಿಲು ಹಾಕ್ತಿತ್ತು ಮಗಳೇ.”

“ವಜ್ದೀನಾ?!”

“ಹೂಂ, ನಿಂಗೆ ಹೇಳಿದ್ದನ್ನೇ ಅವನಿಗೂ ಹೇಳಿದ್ದೆ, ಒಂದು ಫೋನ್ ಕೊಟ್ಟು. ಎಲ್ಲಾ ನೀನೊಬ್ಳೇ ಬರೆದ್ರೆ ಜನಕ್ಕೆ ಗೊತ್ತಾಗಲ್ವೇನಮ್ಮಾ? ಅದೇ, ಕಾವಲುಗಾರ ಅಂತ ಬರೀತಿದ್ನಲ್ಲ... ಜನ ಎಲ್ಲಿದ್ರು ಬಿಡು. ನಿಜವಾದ ಮೆಸೇಜ್ ಬಂದು ಯಾವ ಕಾಲವಾಯ್ತೋ!”

ಇಬ್ತಿಸಾಮ್ ಕೈಲಿದ್ದ ಸಿಹಿಯನ್ನು ಮೇಜಿನ ಮೇಲಿಟ್ಟಳು.

ಅಂದರೆ... ಯಾವ ಓಣಿಯಲ್ಲೂ, ಯಾವ ಮನೆಯಲ್ಲೂ... ಯಾರೂ ಇರಲಿಲ್ಲ? ಇಷ್ಟು ದಿನ ಅವಳು ಕಲ್ಪಿಸಿಕೊಂಡ ಆ ಪುಟ್ಟ ಕೋಣೆ, ಟೀವಿಯ ಬೆಳಕು ಬಿದ್ದ ಆ ಮುಖ, ಎಲ್ಲ ಫಕ್ಕನೆ ಆರಿಹೋಯಿತು. ಅವನದೂ ಸಂಬಳದ ಮಾತೇ!

ಕಣ್ಣೀರು ಒರೆಸಿಕೊಳ್ಳುವಾಗ ತಟ್ಟನೆ ಹೊಳೆಯಿತು. ‘ಬರೀ ಸಂಬಳಕ್ಕೇ ಆಗಿದ್ದರೆ... ಇಲ್ಲಿಗೆ ಬಂದು ನಂಬರ್ ಯಾಕೆ ಕೇಳಿದ?’

ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿದಳು.

ಕತ್ತಲ ಕೋಣೆಯಲ್ಲಿ ವಜ್ದಿ ಬೆನ್ನು ಹಾಕಿ ಕೂತಿದ್ದ. ಕೊನೆಯ ಹಾಡು ನಡೆದಿತ್ತು.

“ಕಾವಲುಗಾರ ನೀವಂತೆ...”

ಅವನ ಹೆಗಲು ಕುಸಿಯಿತು. ತಿರುಗಲಿಲ್ಲ.

“ಬೈದುಬಿಡಿ. ಮೊದಲು ಹೇಳಿದ ಕೆಲಸ ಅಂತ ಬರೆದೆ. ಆಮೇಲೆ ಆಕೆ ಬರೆಯದ ದಿನ ಊಟಾನೇ ಸೇರ್ತಿರ್ಲಿಲ್ಲ. ಎದುರಿಗೆ ನಿಂತು ನಿಜ ಹೇಳ್ಬೇಕು ಅಂತಲೇ ನಂಬರ್ ಕೇಳಿದ್ದು. ಸಂಬಳಕ್ಕೆ ಬರೆದೋನನ್ನ ಆಕೆ ಕ್ಷಮಿಸ್ತಾಳಾ?”

“ಆಕೇನೂ ಸಂಬಳಕ್ಕೇ ಬರೆಯೋಕೆ ಶುರು ಮಾಡಿದ್ದು.”

ಈಗ ತಿರುಗಿದ. ಅವಳ ಮುಖ ನೋಡಿದ.

“ನೀವು...?”

“ನಾನು.”

“ಅಯ್ಯೋ ದೇವರೇ! ಒಂದೇ ಒಂದು ಮಹಡಿ ಕೆಳಗೆ!” ಅವನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. “ನಮ್ಮಿಬ್ಬರನ್ನ ಬಿಟ್ರೆ ಯಾರೂ ನೋಡ್ತಾನೇ ಇರ್ಲಿಲ್ಲ ಇಬ್ತಿಸಾಮ್!”

“ನೀವು ನೋಡ್ತಿದ್ರಲ್ಲ...”

ಹಾಡು ಮುಗಿಯಿತು. ಪರದೆ ಕಪ್ಪಾಯಿತು. ಇಬ್ಬರೂ ಗಮನಿಸಲಿಲ್ಲ.

“ನಂಗೆ ಬರೆದಷ್ಟು ಚೆನ್ನಾಗಿ ಮಾತಾಡೋಕೆ ಬರಲ್ಲ,” ಎಂದ ಮೆಲ್ಲಗೆ.

“ಮಾತಾಡ್ಬೇಡಿ. ಸುಮ್ನೆ ಪಕ್ಕದಲ್ಲಿ ಕೂತಿರಿ.”

“ಎಷ್ಟು ಹೊತ್ತು?”

“ನಿಮಗೆ ಬೇಜಾರಾಗೋ ತನಕ.”

ವಜ್ದಿ ಇನ್ನೊಂದು ಕುರ್ಚಿಯನ್ನು ತನ್ನ ಹತ್ತಿರಕ್ಕೆಳೆದ.

“ಹಾಗಾದ್ರೆ ನೀವಿನ್ನು ಎದ್ದು ಹೋಗೋದು ಕಷ್ಟ.”