ಕವಲಿನಲ್ಲಿ ನಿಂತ ಬೂದಿ

ಜನವರಿ ಹನ್ನೊಂದರ ಬೆಳಿಗ್ಗೆ ಒಂಬತ್ತೂವರೆಗೆ ಕುಲ್ಪಾಂಗ್ ಠಾಣೆಗೆ ದೂರು ಬಂತು. ಹಿಮದ ದಾರಿ ಏರಲು ಪುಣೆಯಿಂದ ಬಂದಿದ್ದ ತಂಡದ ಒಬ್ಬ ಹೆಂಗಸು ಊರ ಮೇಲಿನ ಕವಲಿನಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಕಾಲು ಜಾರದಂತೆ ದಾರಿಗೆ ಬೂದಿ ಎರಚಬೇಕಾದವನು ತಂಡದ ಗೈಡ್ ಗ್ಯಾಛೊ, ಅವನು ಎರಚಿಲ್ಲ ಎಂದು ಅವಳ ಗಂಡ ಬರೆದುಕೊಟ್ಟ. ಎಫ್‌ಐಆರ್ ದಾಖಲಾಯಿತು. ಆರೋಪ ನಿಂತರೆ ಗ್ಯಾಛೊಗೆ ಜೈಲು, ಪರವಾನಗಿಯೂ ಹೋಗುತ್ತಿತ್ತು.

"ನಿನ್ನೆ ಸಂಜೆ ಕ್ಯಾಂಪಿನ ಬೂದಿ ತಂದು ಎರಚಿದೀನಿ ಮೇಡಂ" ಎಂದ ಗ್ಯಾಛೊ.

"ಹಾಗಾದ್ರೆ ಎಲ್ಲೋಯ್ತು? ಮೇಕೆ ನೆಕ್ಕಿಬಿಡ್ತಾ?" ಕಾನ್‌ಸ್ಟೆಬಲ್ ಭಗತ್ ರಾಮ್ ಕುಟುಕಿದ.

ಸಬ್ ಇನ್ಸ್‌ಪೆಕ್ಟರ್ ಪಾಲ್ಮೊ ಇಬ್ಬರನ್ನೂ ಕರೆದುಕೊಂಡು ಕವಲಿಗೆ ಹತ್ತಿದಳು. ಮಹಜರಿಗೆ ಕರೆಸಿದ್ದ ಊರಿನ ಪಂಚರು ಕೈ ಉಜ್ಜಿಕೊಳ್ಳುತ್ತ ನಿಂತರು. ಬಿದ್ದ ಜಾಗದಲ್ಲಿ ಮಂಜುಗಡ್ಡೆ ಕನ್ನಡಿಯಂತಿತ್ತು. ಪಾಲ್ಮೊ ಮಂಡಿಯೂರಿ ಕೊಡಲಿಯಿಂದ ಒಂದು ಚೂರು ಎಬ್ಬಿಸಿ ಬೆಳಕಿಗೆ ಹಿಡಿದಳು. ಅದರ ತಳದಲ್ಲಿ ಬೂದಿ ಅಂಟಿತ್ತು.

"ಎರಚಿದ್ದು ನಿಜ. ಆಮೇಲೆ ಅದರ ಮೇಲೆ ನೀರು ಬಂದಿದೆ."

"ಹಿಮ ಕರಗಿರಬೇಕು ಮೇಡಂ."

"ರಾತ್ರಿ ಯಾವ ಬಿಸಿಲಿಗೆ ಕರಗ್ತಪ್ಪಾ ಭಗತ್?"

ಭಗತ್ ರಾಮ್ ಟೋಪಿ ಸರಿಮಾಡಿಕೊಂಡ. ಯಾರೋ ರಾತ್ರಿ ಕೊಡದಿಂದ ನೀರು ಸುರಿದಿದ್ದರು. ಆದರೆ ಪಾಲ್ಮೊಳ ಕಣ್ಣು ಆಗಲೇ ಪಕ್ಕದ ಕವಲಿಗೆ ಹೋಗಿತ್ತು. ಊರ ಹೆಂಗಸರು ನೀರು ತರಲು ಊಟೆಗೆ, ಅಂದರೆ ಚಿಲುಮೆಗೆ, ಹೋಗುವ ಆ ದಾರಿಯ ಮೇಲೆ ಹೊಸ ಬೂದಿ ಬಿದ್ದಿತ್ತು. ಬೆಳಿಗ್ಗೆ ಮೊದಲು ಎದ್ದವಳು ಒಲೆಯ ಬೂದಿ ಹೊತ್ತು ಅಲ್ಲಿ ಎರಚಬೇಕು, ಅದು ಊರ ಕಟ್ಟುಪಾಡು. ಆ ಬೂದಿ ಮಂಜುಗಡ್ಡೆಯ ಅಂಚಿನವರೆಗೆ ಬಂದು, ಗೆರೆ ಎಳೆದ ಹಾಗೆ ನಿಂತುಬಿಟ್ಟಿತ್ತು.

ಪಾಲ್ಮೊಗೆ ಅದೇ ಬಗೆಹರಿಯಲಿಲ್ಲ. ಅವಳ ಅಮ್ಮನೂ ಹೀಗೇ ಬುಟ್ಟಿ ಹೊರುತ್ತಿದ್ದವಳು. ಕಾಲ ಬುಡದಲ್ಲಿ ಇಷ್ಟು ನುಣುಪಾಗಿ ಹೊಳೆಯುವುದನ್ನು ಕಂಡು ಒಂದು ಹಿಡಿ ಅತ್ತ ಎಸೆಯದೆ ಹೋಗುವ ಹೆಂಗಸು ಈ ಕಣಿವೆಯಲ್ಲಿಲ್ಲ. ಕಂಡೂ ಕೈ ತಡೆದಿದ್ದಾಳೆ ಅಂದರೆ, ಅದು ಅಲ್ಲಿರುವುದು ಅವಳಿಗೆ ಬೇಕಾಗಿತ್ತು.

ಊಟೆ ದಾರಿಯ ಬೂದಿಯನ್ನು ಅಂಗೈಯಲ್ಲಿ ತಿಕ್ಕಿದಳು. ಸುಟ್ಟು ಕಪ್ಪಾದ ಚುಲ್ಲಿ, ಅಂದರೆ ಕಾಡು ಜರ್ದಾಳು ಹಣ್ಣಿನ ಓಟೆಯ ಚೂರುಗಳು ಸಿಕ್ಕವು. ಎಣ್ಣೆ ತೆಗೆಯುವ ಮನೆಯವರು ಓಟೆಯ ಸಿಪ್ಪೆಯನ್ನು ಒಲೆಗೆ ಹಾಕುತ್ತಿದ್ದರು.

"ಊರಲ್ಲಿ ಚುಲ್ಲಿ ಎಣ್ಣೆ ಈಗ ಯಾರು ತೆಗೀತಾರೆ?"

ಪಂಚರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗ್ಯಾಛೊ ತಲೆ ತಗ್ಗಿಸಿದ. "ನಮ್ಮ ಅತ್ತಿಗೆ ಒಬ್ರೇ" ಎಂದ.

ಅತ್ತಿಗೆ ಸೂರ್‌ಮಣಿ ಅಂಗಳದಲ್ಲಿ ಓಟೆ ಕುಟ್ಟುತ್ತಿದ್ದಳು. ಎದ್ದು ಮಣೆ ಕೊಟ್ಟಳು.

"ಬೆಳಿಗ್ಗೆ ಊಟೆ ದಾರಿಗೆ ಬೂದಿ ಹಾಕಿದ್ದು ನೀನಾ?"

"ಹೂಂ."

"ಪಕ್ಕದಲ್ಲಿ ಐಸು ಕಾಣಿಸಲಿಲ್ವಾ?"

"ಕಾಣ್ತು."

"ಮತ್ತೆ ಯಾಕಮ್ಮ ಹಾಕಲಿಲ್ಲ?"

ಅವಳು ಒರಳಿನೊಳಗೆ ನೋಡಿದಳು. "ಗ್ಯಾಛೊನ್ನ ಹಿಡ್ಕೊಂಡು ಹೋಗ್ತೀರಾ?"

"ದೂರು ಅವನ ಮೇಲೇ ಇದೆ."

"ಬಿಡಿ ಅವನ್ನ. ನೀರು ಹಾಕಿದ್ದು ನಾನು."

"ಅತ್ತಿಗೆ, ಸುಮ್ನಿರಿ!" ಗ್ಯಾಛೊ ಕೂಗಿದ.

"ನೀನು ಸುಮ್ನಿರೋ. ಹೋಗ್ಬೇಡ ಅಂದ್ರೆ ಕೇಳಿದ್ಯಾ? ನಿಮ್ಮಣ್ಣನೂ ನಕ್ಕೊಂಡೇ ಹತ್ತಿದ್ದು." ಪಾಲ್ಮೊ ಕಡೆ ತಿರುಗಿದಳು. "ಒಬ್ರು ಕೆಳಗೇ ಜಾರಿ ಕುಂಡೆ ನೋಯಿಸ್ಕೊಂಡ್ರೆ ಎಲ್ರೂ ವಾಪಸ್ ಹೋಗ್ತಾರೆ ಅಂದ್ಕೊಂಡೆ ಮೇಡಂ. ಮೂಳೆ ಮುರೀಲಿ ಅಂತ ಅಲ್ಲ."

ಮಧ್ಯಾಹ್ನ ಎರಡಕ್ಕೆ ಸೂರ್‌ಮಣಿಯ ಬಂಧನವಾಯಿತು. ಗ್ಯಾಛೊನ ಹೆಸರು ಕೈಬಿಡಲಾಯಿತು. ಹೋದ ಚಳಿಗಾಲ ಇದೇ ದಾರಿಯಲ್ಲಿ ತಂಡವೊಂದನ್ನು ಕರೆದೊಯ್ದ ಅವಳ ಗಂಡ, ಗ್ಯಾಛೊನ ಅಣ್ಣ, ಹಿಮಕುಸಿತಕ್ಕೆ ಸಿಕ್ಕಿದ್ದ. ಹಿಮ ಕರಗಿದ ಮೇಲೆ ಮನೆಗೆ ಬಂದದ್ದು ಅವನ ಹೆಣ. ಪಾಲ್ಮೊ ಇದನ್ನೂ ಕೇಸ್ ಡೈರಿಯಲ್ಲಿ ಬರೆದಳು.

ಗಾಯಾಳುವಿನ ಕಾರಣಕ್ಕೆ ಆಡಳಿತ ಅದೇ ಸಂಜೆ, ಆ ಚಳಿಗಾಲ ಪೂರ್ತಿಗೆ ದಾರಿ ಮುಚ್ಚಿಸಿತು. ಸುದ್ದಿ ಹೇಳಲು ಭಗತ್ ರಾಮ್ ಲಾಕಪ್ಪಿನ ಹತ್ತಿರ ಹೋದಾಗ ಸೂರ್‌ಮಣಿ ಕೇಳಿದ್ದು ಒಂದೇ ಮಾತು:

"ಹಾಗಾದ್ರೆ ಗ್ಯಾಛೊ ಮನೇಲಿದಾನಾ?"

"ಇದಾನೆ."

ಬಂದಾಗಿನಿಂದ ಮುಟ್ಟದೆ ಇಟ್ಟಿದ್ದ ಚಹಾದ ಲೋಟ ಆಗ ಕೈಗೆತ್ತಿಕೊಂಡಳು.