ಟಾಕೀಸಿನಲ್ಲಿ ‘ಮೀನು ಬರಲಿಲ್ಲ’

“ನಂಬರ್ ಒನ್ ಸಿನಿಮಾ ‘ಮೀನು ಬರಲಿಲ್ಲ’ ಅಂತೆ! ಮಿಸ್, ಇವಳು ರೀಲು ಬಿಡ್ತಿದಾಳೆ!”

ದಪ್ಪ ಕನ್ನಡಕದ ಹುಡುಗ ಸೋಡಾಬುಡ್ಡಿ ಕೂಗಿದ್ದೇ ತಡ, ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು.

ಈ ವರ್ಷ ಅತಿ ಹೆಚ್ಚು ಗಳಿಸಿದ ಸಿನಿಮಾಗಳ ಚಾರ್ಟ್ ಮಾಡಬೇಕಿತ್ತು. ಸಣಕಲಿಯಾದ್ದರಿಂದ ಎಲ್ಲರೂ ‘ಕಡ್ಡಿ’ ಎನ್ನುತ್ತಿದ್ದ ಅವಳು ಪೇಪರನ್ನೂ ನೋಡಿರಲಿಲ್ಲ, ಯಾರನ್ನೂ ಕೇಳಿರಲಿಲ್ಲ. ಅವಳ ಅಪ್ಪ ಟಾಕೀಸಿನಲ್ಲಿ ಸಿನಿಮಾ ಓಡಿಸುವ ಆಪರೇಟರ್. ಅವಳಿಗೆ ಬೇರೆಯವರು ಹೇಳಿಕೊಡಬೇಕೇ?

“ನಮ್ಮ ಟಾಕೀಸಲ್ಲಿ ದಿನಾ ಮ್ಯಾಟಿನಿ ಹೌಸ್‌ಫುಲ್, ಗೊತ್ತಾ?”

“ಆ ಸಿನಿಮಾದಲ್ಲಿ ಒಬ್ಬ ಗಾಳ ಹಾಕ್ಕೊಂಡು ಕೂತಿರ್ತಾನೆ, ಅಷ್ಟೇ! ಬೇರೆ ಕಡೆಯೆಲ್ಲ ಎರಡೇ ದಿನಕ್ಕೆ ಎತ್ತಂಗಡಿ!”

ಅಪ್ಪನ ಟಾಕೀಸನ್ನು ಆಡಿಕೊಂಡರೆ ಕಡ್ಡಿಗೆ ಮೈಯೆಲ್ಲ ಉರಿಯುತ್ತದೆ.

“ಬಂದು ನೋಡು. ಸುಳ್ಳಾದ್ರೆ ಎಲ್ಲರ ಮುಂದೆ ಚಾರ್ಟ್ ಹರಿದು ಹಾಕ್ತೀನಿ!”

ಶನಿವಾರ ಮಧ್ಯಾಹ್ನ ಕೆಂಡದಂಥ ಬಿಸಿಲು. ಟಾಕೀಸಿನ ಮುಂದೆ ಹೌಸ್‌ಫುಲ್ ಬೋರ್ಡ್ ನೇತಾಡುತ್ತಿತ್ತು. ಕಡ್ಡಿ ಅದನ್ನು ಸೋಡಾಬುಡ್ಡಿಗೆ ನಾಲ್ಕು ಸಲ ತೋರಿಸಿದಳು. ಗೇಟಿನ ತಾತ ತುಟಿಯ ಮೇಲೆ ಬೆರಳಿಟ್ಟು, ಮೆಲ್ಲಗೆ ಬಾಗಿಲು ತೆರೆದರು.

ಒಳಗೆ ತಣ್ಣನೆಯ ಏಸಿ. ಒಂದು ಸೀಟೂ ಖಾಲಿಯಿಲ್ಲ. ಆದರೆ ಎಲ್ಲರೂ ಗೊರಕೆ ಹೊಡೆಯುತ್ತಿದ್ದರು!

ರಾತ್ರಿ ಪಾಳಿ ಮುಗಿಸಿದ ನರ್ಸ್ ಬಾಯಿ ತೆರೆದುಕೊಂಡು ಮಲಗಿದ್ದರು. ಬಸ್ ಡ್ರೈವರ್ ಪಕ್ಕದವನ ಹೆಗಲನ್ನೇ ದಿಂಬು ಮಾಡಿಕೊಂಡಿದ್ದ. ಮೈತುಂಬ ಬೆವರುಸಾಲೆಯಾಗಿದ್ದ ಕೂಸೊಂದು ಅಮ್ಮನ ಮಡಿಲಲ್ಲಿ ಒರಗಿತ್ತು. ಅಮ್ಮನೂ ಕಣ್ಣು ಮುಚ್ಚಿದ್ದಳು. ಪರದೆಯ ಮೇಲೆ ಒಬ್ಬ ಗಾಳ ಹಾಕಿ ಕೂತಿದ್ದ. ಮೀನು ಬಂದಿರಲಿಲ್ಲ.

“ಇವರೆಲ್ಲ ಏಸಿಗೆ ಬಂದಿರೋದು ಕಣೇ!” ಸೋಡಾಬುಡ್ಡಿ ಹೊಟ್ಟೆ ಹಿಡಿದುಕೊಂಡು ನಗುತ್ತ ಮೆಟ್ಟಿಲ ಮೇಲೆ ಕೂತ.

ಕಡ್ಡಿಗೆ ಅಳುವೇ ಬಂತು. ಮೇಲಿನ ಕ್ಯಾಬಿನ್ನಿಗೆ ಓಡಿದಳು.

“ಅಪ್ಪಾ, ಇದು ಹಿಟ್ ಅಲ್ವಾ?”

“ಎಲ್ಲಿಯ ಹಿಟ್ಟಮ್ಮಾ! ಮೊನ್ನೆ ಓನರ್ ನಿಜವಾದ ನಂಬರ್ ಒನ್ ಹಾಕಿಸಿದ್ರು. ಬರೀ ಬಾಂಬು, ಗುಂಡು. ಆ ಕೂಸು ಕಿಟಾರನೆ ಕಿರುಚ್ಕೊಳ್ತು. ಜನ ಜಗಳಕ್ಕೇ ನಿಂತ್ರು, ‘ಮೀನು ಬರಲಿಲ್ಲ’ನೇ ಹಾಕಿ ಅಂತ. ಇರು, ಈಗ ಗುಡುಗು ಬರುತ್ತೆ.”

ಅಪ್ಪ ಸೌಂಡ್ ತಗ್ಗಿಸಿದ. ಪರದೆಯಲ್ಲಿ ಮಿಂಚು ಹೊಳೆಯಿತು. ಯಾರೂ ಏಳಲಿಲ್ಲ.

ಕಡ್ಡಿ ಪುಟ್ಟ ಕಿಟಕಿಯಿಂದ ಇಣುಕಿದಳು. ಕೂಸು ಒಮ್ಮೆ ಮಿಸುಕಿ, ಮತ್ತೆ ನಿದ್ದೆ ಹೋಯಿತು. ಮೆಟ್ಟಿಲ ಮೇಲೆ ಸೋಡಾಬುಡ್ಡಿಯ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಅವನೂ ಗೊರಕೆ ಹೊಡೆಯುತ್ತಿದ್ದ.

ಸೋಮವಾರ ಚಾರ್ಟ್ ಹರಿಯಬೇಕು. ಹರಿದರಾಯಿತು ಎನಿಸಿತು ಅವಳಿಗೆ.

ಅಷ್ಟರಲ್ಲಿ ಪರದೆಯ ಮೇಲೆ ಗಾಳದ ದಾರ ಅಲುಗಿತು, ಹಿನ್ನೆಲೆಯಲ್ಲಿ ಜೋರು ತಮಟೆ ಶುರುವಾಯಿತು.

“ಅಪ್ಪಾ,” ಕಡ್ಡಿ ಪಿಸುಗುಟ್ಟಿದಳು, “ಇನ್ನೂ ಸ್ವಲ್ಪ ಕಮ್ಮಿ ಮಾಡು.”